ಮನೆಯ ಕಂಪ್ಯೂಟರ್‌ನಲ್ಲಿ ಪೋರ್ಟ್ ತೆರೆಯುವ ಮುನ್ನ

ಬೆಂಗಳೂರಿನ ಪೀಣ್ಯ ಎರಡನೇ ಹಂತದಲ್ಲಿ ನಾಲ್ಕು ಸಿಎನ್‌ಸಿ ಯಂತ್ರ ಹಾಕಿಕೊಂಡಿರುವ ಮಾಲೀಕರಿಗೆ ರಾತ್ರಿ ಮನೆಯಲ್ಲಿ ಕೂತು ಟ್ಯಾಲಿ ಲೆಕ್ಕ ನೋಡಬೇಕಿರುತ್ತದೆ. ಅವರ ಲೆಕ್ಕ ಬರೆಯುವವರಿಗೆ ದಾಸರಹಳ್ಳಿಯ ಮನೆಯಿಂದಲೇ ಬಿಲ್ಲುಗಳ ಎಂಟ್ರಿ ಮುಗಿಸಬೇಕಿರುತ್ತದೆ, ಏಕೆಂದರೆ ತಿಂಗಳ 11ಕ್ಕೆ ಜಿಎಸ್‌ಟಿಆರ್-1 ಹೋಗಲೇಬೇಕು. ಕಾಡುಗೋಡಿಯ ಫ್ಲ್ಯಾಟಿನಲ್ಲಿರುವ ಸಾಫ್ಟ್‌ವೇರ್ ಎಂಜಿನಿಯರ್‌ಗೆ ಮನೆಯಲ್ಲಿಟ್ಟಿರುವ ತನ್ನ ಲಿನಕ್ಸ್ ಯಂತ್ರಕ್ಕೆ ಆಫೀಸಿನಿಂದ ಲಾಗಿನ್ ಆಗಬೇಕು. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಗಂಡ ಹೆಂಡತಿ ಇಬ್ಬರೂ ಶಿಫ್ಟಿಗೆ ಹೋಗುವ ಮನೆಯವರಿಗೆ ಅಜ್ಜಿ ಮತ್ತು ಮಗು ಹೇಗಿದ್ದಾರೆಂದು ಮೊಬೈಲಿನಲ್ಲೇ ನೋಡುವ ಆಸೆ. ಎಲ್ಲವೂ ನ್ಯಾಯವಾದ ಅಗತ್ಯಗಳೇ. ಹಾರ್ಡ್‌ವೇರ್ ನೋಡಿಕೊಳ್ಳುವ ಹುಡುಗನಿಂದಲೋ ಸಿಸಿಟಿವಿ ಹಾಕಲು ಬಂದವರಿಂದಲೋ ಇವರೆಲ್ಲರಿಗೂ ಸಿಗುವ ಉತ್ತರ ಮಾತ್ರ ಒಂದೇ: "ಒಂದು ಪೋರ್ಟ್ ಓಪನ್ ಮಾಡಿಬಿಟ್ರೆ ಆಯ್ತು ಸಾರ್."

ಐದು ನಿಮಿಷದ ಕೆಲಸ. ಕೆಲಸವಾಗುತ್ತದೆ, ಟ್ಯಾಲಿ ಕಾಣಿಸುತ್ತದೆ, ಕ್ಯಾಮೆರಾ ಕಾಣಿಸುತ್ತದೆ. ಮಾಡಿಕೊಟ್ಟವರು ಹೋಗುತ್ತಾರೆ. ಯಾವ ಪೋರ್ಟ್ ತೆರೆದರು, ಯಾಕೆ ತೆರೆದರು, ಯಾವಾಗ ಮುಚ್ಚಬೇಕು ಎಂಬುದನ್ನು ಯಾರೂ ಎಲ್ಲೂ ಬರೆದಿಡುವುದಿಲ್ಲ. ನನ್ನನ್ನು ಕಾಡುವುದು ಈ ಮರೆವು. ಒಬ್ಬರಿಗೆಂದು ತೆರೆದ ಪೋರ್ಟ್ ಆ ಒಬ್ಬರಿಗೆ ಮಾತ್ರ ತೆರೆದಿರುವುದಿಲ್ಲ, ಇಂಟರ್‌ನೆಟ್‌ನಲ್ಲಿರುವ ಪ್ರತಿಯೊಬ್ಬರಿಗೂ ತೆರೆದಿರುತ್ತದೆ. ಹಾಗೆ ತೆರೆದದ್ದನ್ನು ಹುಡುಕಿ ಬರುವವರು ಎಷ್ಟು ಬೇಗ ಬರುತ್ತಾರೆ ಎನ್ನುವುದು ತೆರೆದವರಿಗೆ ಗೊತ್ತಿರುವುದಿಲ್ಲ.

ಪೋರ್ಟ್ ಹಿಂದೆ ಯಾರಿದ್ದಾರೆ

ಪೋರ್ಟ್ ಕಣ್ಣಿಗೆ ಕಾಣುವ ವಸ್ತುವಲ್ಲ, ಒಂದು ಸಂಖ್ಯೆ ಮಾತ್ರ. ಕಂಪ್ಯೂಟರ್‌ಗೆ ಬರುವ ಪ್ರತಿ ಡೇಟಾ ತುಣುಕಿನ ಮೇಲೆ ಐಪಿ ವಿಳಾಸದ ಜೊತೆಗೆ 0ಯಿಂದ 65,535ರವರೆಗಿನ ಒಂದು ಸಂಖ್ಯೆ ಇರುತ್ತದೆ. ಕಾರ್ಖಾನೆಯ ಇಪಿಎಬಿಎಕ್ಸ್ ಫೋನ್ ವ್ಯವಸ್ಥೆಯನ್ನು ನೆನೆಸಿಕೊಂಡರೆ ಇದು ಸುಲಭವಾಗಿ ತಿಳಿಯುತ್ತದೆ. ಬೋರ್ಡ್ ನಂಬರ್ ಒಂದೇ, ಅದು ಐಪಿ ವಿಳಾಸ. ಸ್ಟೋರ್ಸ್, ಅಕೌಂಟ್ಸ್, ಡಿಸ್ಪ್ಯಾಚ್ ಎಲ್ಲಕ್ಕೂ ಬೇರೆ ಬೇರೆ ಎಕ್ಸ್‌ಟೆನ್ಷನ್, ಅವು ಪೋರ್ಟ್‌ಗಳು. ಹೊರಗಿನ ಕರೆಯನ್ನು ಯಾವ ಎಕ್ಸ್‌ಟೆನ್ಷನ್‌ಗೆ ಕೊಡಬೇಕು, ಯಾವುದಕ್ಕೆ ಕೊಡಬಾರದು ಎಂದು ತೀರ್ಮಾನಿಸುವ ಆಪರೇಟರ್ ಫೈರ್‌ವಾಲ್. ಯಾರೂ ಕೂತಿರದ ಮೇಜಿಗೆ ಕರೆ ಹಾಕಿದರೆ ಸುಮ್ಮನೆ ರಿಂಗ್ ಆಗುತ್ತದೆ, ಅದರಿಂದ ನಷ್ಟವಿಲ್ಲ. ಅಪಾಯ ಇರುವುದು ಮೇಜಿನಲ್ಲಿ ಕೂತು, ಕರೆ ಮಾಡಿದವರು ಯಾರೆಂದು ವಿಚಾರಿಸದೆ ಕೇಳಿದ್ದನ್ನೆಲ್ಲ ಹೇಳುವವರಿದ್ದಾಗ.

ಹಾಗಾಗಿ "ಪೋರ್ಟ್ ತೆರೆದರೆ ಹ್ಯಾಕ್ ಆಗುತ್ತದೆ" ಎನ್ನುವುದು ಅರ್ಧ ಸತ್ಯ. ಆ ಪೋರ್ಟ್‌ನಲ್ಲಿ ಕಿವಿಗೊಟ್ಟು ಕಾಯುತ್ತಿರುವ ಪ್ರೋಗ್ರಾಮ್ ಯಾವುದು, ಅದರಲ್ಲಿ ತಿದ್ದದೆ ಉಳಿದ ದೋಷ ಇದೆಯೇ, ಅದರ ಪಾಸ್‌ವರ್ಡ್ ಎಂಥದು ಎಂಬುದೇ ಮುಖ್ಯ. 3389ರಲ್ಲಿ ಕಾಯುವುದು ವಿಂಡೋಸ್‌ನ ರಿಮೋಟ್ ಡೆಸ್ಕ್‌ಟಾಪ್. 445ರಲ್ಲಿ ಫೈಲ್ ಮತ್ತು ಪ್ರಿಂಟರ್ ಶೇರಿಂಗ್. 22ರಲ್ಲಿ ಲಿನಕ್ಸ್‌ನ ಎಸ್ಎಸ್ಎಚ್, 23ರಲ್ಲಿ ಹಳೆಯ ಟೆಲ್‌ನೆಟ್, 554ರಲ್ಲಿ ಕ್ಯಾಮೆರಾದ ವಿಡಿಯೋ. ಟ್ಯಾಲಿ ಕೂಡ ಬೇರೆ ಸಾಫ್ಟ್‌ವೇರ್‌ಗಳ ಜೊತೆ ಮಾತಾಡಲು ಸಾಮಾನ್ಯವಾಗಿ 9000ವನ್ನು ಬಳಸುತ್ತದೆ. ಆ ಸಂಪರ್ಕ ಕಾರ್ಖಾನೆಯ ಒಳಗಿನ ನೆಟ್‌ವರ್ಕ್‌ಗೆಂದು ಇರುವುದು, ಹೊರಗಿನ ಇಂಟರ್‌ನೆಟ್‌ಗೆ ಅದನ್ನು ತೋರಿಸಲೇಬಾರದು.

ಮನೆಯಲ್ಲಿ ಕಾವಲು ಎರಡು ಕಡೆ ಇರುತ್ತದೆ. ಒಂದು ಕಂಪ್ಯೂಟರ್‌ನೊಳಗಿನ ವಿಂಡೋಸ್ ಫೈರ್‌ವಾಲ್, ಇನ್ನೊಂದು ಗೋಡೆಯ ಮೇಲಿನ ರೂಟರ್. ಒಳಗಿನಿಂದ ನೀವೇ ಶುರುಮಾಡಿದ ಸಂಪರ್ಕಕ್ಕೆ ಬರುವ ಉತ್ತರವನ್ನು ಎರಡೂ ಒಳಗೆ ಬಿಡುತ್ತವೆ. ಆದ್ದರಿಂದಲೇ ಯಾವ ಪೋರ್ಟನ್ನೂ ತೆರೆಯದೆ ನೀವು ಬ್ಯಾಂಕ್ ವೆಬ್‌ಸೈಟ್ ನೋಡಬಹುದು, ವಾಟ್ಸ್ಆ್ಯಪ್ ಕರೆ ಮಾಡಬಹುದು. ಕೇಳದೆ ಬಂದದ್ದನ್ನು ಎರಡೂ ತಡೆಯುತ್ತವೆ. ಪೋರ್ಟ್ ತೆರೆಯುವುದೆಂದರೆ ಈ ಎರಡನೇ ನಿಯಮಕ್ಕೆ ವಿನಾಯಿತಿ ಕೊಡುವುದು.

ವಿಂಡೋಸ್‌ನಲ್ಲಿ ಈ ಕಾವಲು ಮೊದಲಿನಿಂದ ಹೀಗಿರಲಿಲ್ಲ. 2003ರ ಆಗಸ್ಟ್‌ನಲ್ಲಿ ಬ್ಲಾಸ್ಟರ್ ಎಂಬ ವರ್ಮ್ 135ನೇ ಪೋರ್ಟ್ ಮೂಲಕ ಜಗತ್ತಿನ ಲಕ್ಷಾಂತರ ವಿಂಡೋಸ್ ಯಂತ್ರಗಳಿಗೆ ನುಗ್ಗಿತು. ಯಾರೂ ಯಾವ ಲಿಂಕನ್ನೂ ಒತ್ತಿರಲಿಲ್ಲ, ಇಂಟರ್‌ನೆಟ್‌ಗೆ ಸಿಕ್ಕಿಸಿದ್ದಷ್ಟೇ ಸಾಕಾಗಿತ್ತು. ಮರುವರ್ಷ, 2004ರ ಆಗಸ್ಟ್‌ನಲ್ಲಿ ಬಂದ ಎಕ್ಸ್‌ಪಿ ಸರ್ವಿಸ್ ಪ್ಯಾಕ್ 2ರಿಂದ ಮೈಕ್ರೋಸಾಫ್ಟ್ ಫೈರ್‌ವಾಲನ್ನು ತಾನಾಗಿಯೇ ಆನ್ ಮಾಡಿ ಕೊಡತೊಡಗಿತು. ಇಂದು ಪ್ರಿಂಟರ್ ಸಿಗಲಿಲ್ಲವೆಂದು, ಟ್ಯಾಲಿ ಕನೆಕ್ಟ್ ಆಗಲಿಲ್ಲವೆಂದು ಫೈರ್‌ವಾಲನ್ನೇ ಪೂರ್ತಿ ಆಫ್ ಮಾಡಿ ಹೋಗುವವರು ಆ ಯಂತ್ರವನ್ನು 2003ಕ್ಕೆ ಒಯ್ದು ಬಿಡುತ್ತಾರೆ.

ನಮ್ಮ ಮನೆ ಯಾರಿಗೆ ಗೊತ್ತು?

"ನಮ್ಮದೇನು ದೊಡ್ಡ ಕಂಪನಿಯಾ? ನಮ್ಮನ್ನ ಯಾರು ಹುಡುಕ್ಕೊಂಡು ಬರ್ತಾರೆ?" ಎಂದು ಕೇಳದವರಿಲ್ಲ. ಹುಡುಕುವವರಿಗೆ ನಿಮ್ಮ ಹೆಸರು ಬೇಕಾಗಿಲ್ಲ. ಹಳೆಯ ಮಾದರಿಯ ಐಪಿ ವಿಳಾಸಗಳು ಒಟ್ಟು 429 ಕೋಟಿ. 2013ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಸಂಶೋಧಕರು ಜೀಮ್ಯಾಪ್ ಎಂಬ ಸಾಧನ ಸಿದ್ಧಪಡಿಸಿದರು. ವೇಗದ ಸಂಪರ್ಕವಿರುವ ಒಂದೇ ಕಂಪ್ಯೂಟರ್‌ನಿಂದ, ಬಳಕೆಯಲ್ಲಿರುವ ಅಷ್ಟೂ ವಿಳಾಸಗಳಲ್ಲಿ ಒಂದು ಪೋರ್ಟ್ ತೆರೆದಿದೆಯೇ ಎಂದು 45 ನಿಮಿಷದೊಳಗೆ ನೋಡಿ ಮುಗಿಸಬಹುದೆಂದು ತೋರಿಸಿಕೊಟ್ಟರು. 2009ರಿಂದ ನಡೆಯುತ್ತಿರುವ ಶೋಡಾನ್ ಎಂಬ ಶೋಧಯಂತ್ರವು ಹೀಗೆ ತೆರೆದು ಬಿದ್ದಿರುವ ಕ್ಯಾಮೆರಾ, ಸರ್ವರ್, ಕಾರ್ಖಾನೆಯ ನಿಯಂತ್ರಣ ಸಾಧನಗಳನ್ನು ಊರು, ಪೋರ್ಟ್, ಕಂಪನಿ ಹೆಸರಿನ ಸಮೇತ ಪಟ್ಟಿ ಮಾಡಿ ಇಡುತ್ತದೆ. ಸಂಶೋಧಕರಿಗೂ ಅದೇ ಪಟ್ಟಿ, ಕಳ್ಳರಿಗೂ ಅದೇ ಪಟ್ಟಿ.

3389 ಹೊರಗೆ ತೆರೆದಿರುವ ವಿಂಡೋಸ್ ಯಂತ್ರವಿದ್ದರೆ ಅದರ ಇವೆಂಟ್ ವ್ಯೂವರ್ ತೆರೆದು, ವಿಂಡೋಸ್ ಲಾಗ್ಸ್ ಒಳಗಿನ ಸೆಕ್ಯುರಿಟಿ ಪಟ್ಟಿಗೆ ಹೋಗಿ, 4625 ಎಂಬ ಸಂಖ್ಯೆಯನ್ನು ಫಿಲ್ಟರ್ ಮಾಡಿ ನೋಡಿ. ವಿಫಲವಾದ ಪ್ರತಿ ಲಾಗಿನ್ ಯತ್ನಕ್ಕೂ ಅಲ್ಲಿ ಒಂದು ಸಾಲು. ಯಾವ ಹೆಸರಿನಲ್ಲಿ ಯತ್ನಿಸಿದರು ಎಂದೂ ಅದರಲ್ಲಿರುತ್ತದೆ: ಅಡ್ಮಿನಿಸ್ಟ್ರೇಟರ್, ಅಡ್ಮಿನ್, ಯೂಸರ್, ಟೆಸ್ಟ್, ಸ್ಕ್ಯಾನರ್, ಅಕೌಂಟ್ಸ್. ಹಗಲು ರಾತ್ರಿ ಎನ್ನದೆ, ಕೆಲವು ಸೆಕೆಂಡಿಗೊಂದರಂತೆ ಸಾಲುಗಳು ಬರುತ್ತಲೇ ಇರುತ್ತವೆ. ಮನುಷ್ಯರು ಕೂತು ಟೈಪ್ ಮಾಡುತ್ತಿರುವುದಲ್ಲ ಅದು. ಪಾಸ್‌ವರ್ಡ್‌ಗಳ ಪಟ್ಟಿ ಹಿಡಿದ ಯಂತ್ರಗಳು ಒಂದೊಂದನ್ನೇ ಹಾಕಿ ನೋಡುತ್ತಿರುತ್ತವೆ. ಹೊರಗಿನ ವಿಳಾಸವೊಂದರಿಂದ, ನೀವು ಲಾಗಿನ್ ಆಗದ ಹೊತ್ತಿನಲ್ಲಿ 4624 ಎಂಬ ಸಾಲು ಕಂಡರೆ ಒಂದು ಪಾಸ್‌ವರ್ಡ್ ಸರಿಹೊಂದಿತು ಎಂದರ್ಥ.

ಪೋರ್ಟ್ ಸಂಖ್ಯೆಯನ್ನು 3389ರಿಂದ 3390ಕ್ಕೋ 50000ಕ್ಕೋ ಬದಲಿಸಿದರೆ ಸಾಕೆಂಬ ನಂಬಿಕೆ ಹಾರ್ಡ್‌ವೇರ್ ಕೆಲಸದವರಲ್ಲಿ ಗಟ್ಟಿಯಾಗಿದೆ. ಗದ್ದಲ ಕಡಿಮೆಯಾಗುತ್ತದೆ, ನಿಜ. ಆದರೆ ಬೇರೆ ಸಂಖ್ಯೆಯಲ್ಲಿದ್ದರೂ ರಿಮೋಟ್ ಡೆಸ್ಕ್‌ಟಾಪ್ ತಾನು ರಿಮೋಟ್ ಡೆಸ್ಕ್‌ಟಾಪ್ ಎಂದೇ ಉತ್ತರಿಸುತ್ತದೆ. ಎಲ್ಲ ಪೋರ್ಟ್‌ಗಳನ್ನೂ ತಡಕುವವರಿಗೆ ಅದು ಸಿಕ್ಕೇ ಸಿಗುತ್ತದೆ.

ಪಾಸ್‌ವರ್ಡ್ ಗಟ್ಟಿಯಿದ್ದರೂ ಸಾಲದ ಸಂದರ್ಭಗಳಿವೆ. 2019ರ ಮೇ ತಿಂಗಳಲ್ಲಿ ಬ್ಲೂಕೀಪ್ ಎಂಬ ಹೆಸರು ಪಡೆದ ದೋಷವೊಂದು ಹೊರಬಿತ್ತು. ವಿಂಡೋಸ್ 7 ಮತ್ತು ಅದಕ್ಕಿಂತ ಹಳೆಯ ಆವೃತ್ತಿಗಳ ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಪಾಸ್‌ವರ್ಡ್ ಇಲ್ಲದೆಯೇ ಒಳಹೊಕ್ಕು ಯಂತ್ರವನ್ನು ವಶಮಾಡಿಕೊಳ್ಳಲು ಅದು ಅವಕಾಶ ಕೊಡುತ್ತಿತ್ತು. ಬೆಂಬಲ ನಿಲ್ಲಿಸಿ ಐದು ವರ್ಷವಾಗಿದ್ದ ಎಕ್ಸ್‌ಪಿಗೂ ಮೈಕ್ರೋಸಾಫ್ಟ್ ತಿದ್ದುಪಡಿ ಹೊರಡಿಸಿತೆಂದರೆ ಅದರ ತೀವ್ರತೆ ಅರ್ಥವಾಗುತ್ತದೆ. ಪೀಣ್ಯದಂಥ ಕಡೆ ಈ ಮಾತಿಗೆ ಹೆಚ್ಚು ತೂಕವಿದೆ. ಯಂತ್ರಕ್ಕೆ ಪ್ರೋಗ್ರಾಮ್ ಕಳಿಸುವ ಕಂಪ್ಯೂಟರ್, ಹಳೆಯ ಡ್ರಾಯಿಂಗ್ ಸಾಫ್ಟ್‌ವೇರ್ ಓಡುವ ಕಂಪ್ಯೂಟರ್ ಇಂದಿಗೂ ವಿಂಡೋಸ್ 7ರಲ್ಲೋ ಎಕ್ಸ್‌ಪಿಯಲ್ಲೋ ಇರುವ ಘಟಕಗಳುಂಟು, ಏಕೆಂದರೆ ಹೊಸ ಆವೃತ್ತಿಯಲ್ಲಿ ಆ ಸಾಫ್ಟ್‌ವೇರ್ ಓಡುವುದಿಲ್ಲ. ವಿಂಡೋಸ್ 10ಕ್ಕೂ 2025ರ ಅಕ್ಟೋಬರ್ 14ಕ್ಕೆ ಸಾಮಾನ್ಯ ಬೆಂಬಲದ ಕಾಲ ಮುಗಿಯಿತು. ತಿದ್ದುಪಡಿ ಬರದ ಯಂತ್ರದ ಪೋರ್ಟನ್ನು ಇಂಟರ್‌ನೆಟ್‌ಗೆ ತೆರೆಯಲೇಬಾರದು. ಈ ಒಂದು ವಿಷಯದಲ್ಲಿ ನಾನು ಯಾವ ರಿಯಾಯಿತಿಯನ್ನೂ ಒಪ್ಪುವುದಿಲ್ಲ.

ಒಳಹೊಕ್ಕವರು ಏನು ಮಾಡುತ್ತಾರೆ? ಮೊದಲು ಆ್ಯಂಟಿವೈರಸ್ ನಿಲ್ಲಿಸುತ್ತಾರೆ. ಆಮೇಲೆ ಬ್ಯಾಕಪ್ ಎಲ್ಲಿದೆ ನೋಡುತ್ತಾರೆ. ಟ್ಯಾಲಿ ಡೇಟಾ ಫೋಲ್ಡರ್, ಡ್ರಾಯಿಂಗ್‌ಗಳು, ಅದೇ ಕಂಪ್ಯೂಟರ್‌ಗೆ ಸದಾ ಸಿಕ್ಕಿಸಿಯೇ ಇಟ್ಟ ಬ್ಯಾಕಪ್ ಹಾರ್ಡ್ ಡಿಸ್ಕ್ ಎಲ್ಲವನ್ನೂ ಗೂಢಲಿಪಿಗೆ ತಿರುಗಿಸಿ, ಹಣ ಕೇಳುವ ಒಂದು ಚೀಟಿ ಇಟ್ಟು ಹೋಗುತ್ತಾರೆ. ಇದೇ ರ‍್ಯಾನ್ಸಮ್‌ವೇರ್. 2017ರ ಮೇ 12ರಂದು ಹರಡಿದ ವನ್ನಾಕ್ರೈ ಬಳಸಿದ್ದು 445ನೇ ಪೋರ್ಟನ್ನು. ಅದಕ್ಕೆ ತಿದ್ದುಪಡಿ ಮಾರ್ಚ್ 14ರಂದೇ ಬಂದಿತ್ತು. ಹಾಕಿಕೊಳ್ಳದ ಯಂತ್ರಗಳು 150ಕ್ಕೂ ಹೆಚ್ಚು ದೇಶಗಳಲ್ಲಿ ಸಿಕ್ಕಿಬಿದ್ದವು. ನಮ್ಮ ನೆರೆಯಲ್ಲೇ ಆಂಧ್ರಪ್ರದೇಶ ಪೊಲೀಸರ ಹಲವು ಕಂಪ್ಯೂಟರ್‌ಗಳು, ಕೇರಳದ ಕೆಲವು ಗ್ರಾಮ ಪಂಚಾಯಿತಿ ಕಚೇರಿಗಳ ಯಂತ್ರಗಳು ಅದಕ್ಕೆ ತುತ್ತಾದವು. ಒಂದು ಯಂತ್ರಕ್ಕೆ ಹೊಕ್ಕ ವನ್ನಾಕ್ರೈ ಅದೇ ನೆಟ್‌ವರ್ಕ್‌ನ ಉಳಿದ ಯಂತ್ರಗಳ 445ನ್ನು ತಾನೇ ಹುಡುಕಿಕೊಂಡು ಹೋಗುತ್ತಿತ್ತು. ಮಾಲೀಕರ ಕೋಣೆಯ ಕಂಪ್ಯೂಟರ್‌ನಲ್ಲಿ ಶುರುವಾದದ್ದು ಶಾಪ್ ಫ್ಲೋರ್‌ವರೆಗೆ ಹೋಗುವುದು ಹೀಗೆ.

ಕ್ಯಾಮೆರಾ, ಮೋಡೆಮ್, ಆಫೀಸ್ ಲ್ಯಾಪ್‌ಟಾಪ್

ಪೋರ್ಟ್ ತೆರೆಯುವ ಮಾತು ಬಂದಾಗ ಜನ ಕಂಪ್ಯೂಟರನ್ನಷ್ಟೇ ಯೋಚಿಸುತ್ತಾರೆ. ಎಸ್.ಪಿ. ರಸ್ತೆಯಿಂದ ತಂದ, ಕ್ಯಾಮೆರಾದ ದೃಶ್ಯ ದಾಖಲಿಸುವ ಡಿವಿಆರ್ ಕೂಡ ಒಂದು ಕಂಪ್ಯೂಟರೇ, ಅದರೊಳಗೆ ಸಾಮಾನ್ಯವಾಗಿ ಲಿನಕ್ಸ್ ಇರುತ್ತದೆ, ಅದಕ್ಕೆ ತಿದ್ದುಪಡಿ ಹಾಕುವ ನೆನಪು ಯಾರಿಗೂ ಇರುವುದಿಲ್ಲ. 2016ರಲ್ಲಿ ಮಿರಾಯ್ ಎಂಬ ಮಾಲ್‌ವೇರ್ ಜಗತ್ತಿನ ಕ್ಯಾಮೆರಾ, ಡಿವಿಆರ್, ರೂಟರ್‌ಗಳ ಟೆಲ್‌ನೆಟ್ ಪೋರ್ಟ್‌ಗಳನ್ನು ತಟ್ಟಿ, ಕಾರ್ಖಾನೆಯಿಂದ ಬಂದ ಹೆಸರು-ಪಾಸ್‌ವರ್ಡ್‌ಗಳ ಅರವತ್ತು ಚಿಲ್ಲರೆ ಜೋಡಿಗಳನ್ನು ಪ್ರಯತ್ನಿಸುತ್ತಿತ್ತು. ಅಷ್ಟೇ ಅದರ ವಿದ್ಯೆ. ಹಾಗೆ ಕೂಡಿಹಾಕಿದ ಸಾಧನಗಳ ಪಡೆಯಿಂದ ಆ ವರ್ಷ ಅಕ್ಟೋಬರ್ 21ರಂದು ತಾಣಗಳ ಹೆಸರನ್ನು ಐಪಿ ವಿಳಾಸಕ್ಕೆ ಜೋಡಿಸಿಕೊಡುವ ಡೈನ್ ಎಂಬ ಕಂಪನಿಯ ಮೇಲೆ ದಾಳಿ ನಡೆದು ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ತಾಣಗಳು ಅಮೆರಿಕದ ಬಹುಭಾಗದಲ್ಲಿ ಗಂಟೆಗಟ್ಟಲೆ ತೆರೆಯಲಿಲ್ಲ.

ಮರುವರ್ಷ ಇಂಥದೇ ದಾಳಿಯ ಬಿಸಿ ನಮಗೇ ತಟ್ಟಿತು. 2017ರ ಜುಲೈ ಕೊನೆಯಲ್ಲಿ ಕರ್ನಾಟಕವೂ ಸೇರಿದಂತೆ ದೇಶದ ಹಲವೆಡೆ ಬಿಎಸ್ಎನ್ಎಲ್ ಬ್ರಾಡ್‌ಬ್ಯಾಂಡ್ ಮೋಡೆಮ್‌ಗಳು ಇದ್ದಕ್ಕಿದ್ದಂತೆ ಕೆಲಸ ನಿಲ್ಲಿಸಿದವು. ಅವು ಹೊರಗಿನ ಇಂಟರ್‌ನೆಟ್‌ಗೆ ಮುಖ ತೋರಿಸುತ್ತಿದ್ದವು, ಎಷ್ಟೋ ಮೋಡೆಮ್‌ಗಳಲ್ಲಿ ಪಾಸ್‌ವರ್ಡ್ ಇನ್ನೂ "ಅಡ್ಮಿನ್" ಎಂದೇ ಇತ್ತು. ಬ್ರಿಕರ್‌ಬಾಟ್ ಎಂಬ ಮಾಲ್‌ವೇರ್‌ನ ಕರ್ತೃ ಅದು ತನ್ನ ಕೆಲಸವೆಂದು ಹೇಳಿಕೊಂಡ. ಈ ಮಾಲ್‌ವೇರ್ ಸಾಧನವನ್ನು ಬಳಸಿಕೊಳ್ಳುವುದಿಲ್ಲ, ಕೆಡಿಸಿ ಹಾಕುತ್ತದೆ. ಗ್ರಾಹಕರು ಮೋಡೆಮ್ ರೀಸೆಟ್ ಮಾಡಿ ಪಾಸ್‌ವರ್ಡ್ ಬದಲಿಸಿಕೊಳ್ಳಬೇಕೆಂದು ಬಿಎಸ್ಎನ್ಎಲ್ ಸೂಚನೆ ಕೊಟ್ಟಿತು. ಆ ಮನೆಗಳಲ್ಲಿ ಯಾರೂ ಕೈಯಾರೆ ಪೋರ್ಟ್ ತೆರೆದಿರಲಿಲ್ಲ, ಅದು ಮೊದಲೇ ತೆರೆದು ಬಂದಿತ್ತು. ಹಾಗಾಗಿ "ನಾನೇನೂ ತೆರೆದಿಲ್ಲ" ಎನ್ನುವವರೂ ಒಮ್ಮೆ ನೋಡಿಕೊಳ್ಳಬೇಕು.

ಕ್ಯಾಮೆರಾಗಳ ವಿಷಯದಲ್ಲಿ ಸರ್ಕಾರವೂ ಎಚ್ಚೆತ್ತಿದೆ. 2024ರ ಏಪ್ರಿಲ್‌ನಲ್ಲಿ ಹೊರಡಿಸಿದ ಅಧಿಸೂಚನೆಯ ಪ್ರಕಾರ 2025ರ ಏಪ್ರಿಲ್‌ನಿಂದ ಇಲ್ಲಿ ಮಾರುವ ಸಿಸಿಟಿವಿ ಕ್ಯಾಮೆರಾಗಳು ಭದ್ರತಾ ಪರೀಕ್ಷೆ ದಾಟಿರಬೇಕು. ಆದರೆ ಅದಕ್ಕೆ ಮೊದಲೇ ಗೋಡೆಗೆ ಮೊಳೆ ಹೊಡೆದು ನಿಲ್ಲಿಸಿದ ಕ್ಯಾಮೆರಾಗಳು ಹಾಗೆಯೇ ಇವೆ.

ಈಗ ವೈಟ್‌ಫೀಲ್ಡ್ ಮತ್ತು ಎಲೆಕ್ಟ್ರಾನಿಕ್ ಸಿಟಿಯವರಿಗೆ ನಾನು ವಿಶೇಷವಾಗಿ ಹೇಳಬೇಕಾದ ಪ್ರಕರಣ. ಪಾಸ್‌ವರ್ಡ್‌ಗಳನ್ನು ಕಾಪಾಡುವುದನ್ನೇ ವ್ಯಾಪಾರ ಮಾಡಿಕೊಂಡಿದ್ದ ಲಾಸ್ಟ್‌ಪಾಸ್ ಕಂಪನಿಯಿಂದ 2022ರಲ್ಲಿ ಗ್ರಾಹಕರ ಪಾಸ್‌ವರ್ಡ್ ಪೆಟ್ಟಿಗೆಗಳ ಬ್ಯಾಕಪ್ ಪ್ರತಿಯೇ ಕಳುವಾಯಿತು. ಅದರ ಕೀಲಿಗಳನ್ನು ಮುಟ್ಟುವ ಅಧಿಕಾರ ಇದ್ದದ್ದು ನಾಲ್ವರು ಎಂಜಿನಿಯರ್‌ಗಳಿಗೆ ಮಾತ್ರ. ಆ ಕೀಲಿಗಳಿಗಾಗಿ ಕಳ್ಳರು ಕಂಪನಿಯ ಗೋಡೆ ಒಡೆಯಲು ಹೋಗಲಿಲ್ಲ, ಆ ನಾಲ್ವರಲ್ಲೊಬ್ಬರ ಮನೆಯ ಕಂಪ್ಯೂಟರ್‌ಗೆ ಹೋದರು. ಅದರಲ್ಲಿ ಸಿನಿಮಾ ಮತ್ತು ವಿಡಿಯೋಗಳನ್ನು ಮನೆಯ ಟಿವಿಗೆ, ಹೊರಗಿನ ಮೊಬೈಲ್‌ಗೆ ಹಂಚುವ ಪ್ಲೆಕ್ಸ್ ಎಂಬ ಸಾಫ್ಟ್‌ವೇರ್ ಇತ್ತು. 32400ನೇ ಪೋರ್ಟ್‌ನಲ್ಲಿ ಕಾಯುವ ಪ್ರೋಗ್ರಾಮ್ ಅದು. ಕಳ್ಳರು ಬಳಸಿಕೊಂಡ ದೋಷಕ್ಕೆ 2020ರ ಮೇ ತಿಂಗಳಲ್ಲೇ ತಿದ್ದುಪಡಿ ಬಂದಿತ್ತು, ಆ ಎಂಜಿನಿಯರ್ ಅಪ್‌ಡೇಟ್ ಮಾಡಿರಲಿಲ್ಲ. ಕೀಲಿಮಣೆಯಲ್ಲಿ ಒತ್ತಿದ್ದನ್ನೆಲ್ಲ ದಾಖಲಿಸುವ ಪ್ರೋಗ್ರಾಮ್ ಹಾಕಿ, ಅವರು ಟೈಪ್ ಮಾಡಿದ ಮುಖ್ಯ ಪಾಸ್‌ವರ್ಡನ್ನೇ ಹಿಡಿದುಕೊಂಡರು.

2020ರ ಮಾರ್ಚ್‌ನ ಲಾಕ್‌ಡೌನ್‌ನಿಂದ ಎಷ್ಟೋ ಜನರ ಮನೆ ಮತ್ತು ಆಫೀಸು ಒಂದೇ ವೈಫೈನಲ್ಲಿವೆ. ಮಗ ಗೆಳೆಯರೊಂದಿಗೆ ಆಡಲೆಂದು ಮೈನ್‌ಕ್ರಾಫ್ಟ್ ಸರ್ವರ್‌ಗೆ 25565 ತೆರೆದ ಕಂಪ್ಯೂಟರ್ ಇರುವುದು ಅಮ್ಮನ ಆಫೀಸ್ ಲ್ಯಾಪ್‌ಟಾಪ್ ಇರುವ ನೆಟ್‌ವರ್ಕ್‌ನಲ್ಲೇ. ಮಗುವಿಗೆ ಬೈಯುವ ವಿಷಯ ಇದಲ್ಲ. ಕಲಿಯುವ ಹುಡುಗರು ಸರ್ವರ್ ನಡೆಸಿ ನೋಡಬೇಕು, ಅದರಿಂದಲೇ ಎಷ್ಟೋ ಜನ ಒಳ್ಳೆಯ ಎಂಜಿನಿಯರ್ ಆಗಿದ್ದಾರೆ. ಆ ಯಂತ್ರವನ್ನು ಗೆಸ್ಟ್ ವೈಫೈಗೆ ಹಾಕಿ, ಗೆಸ್ಟ್ ನೆಟ್‌ವರ್ಕ್‌ನಿಂದ ಉಳಿದ ಸಾಧನಗಳು ಕಾಣದಂತೆ ಮಾಡುವ ಸೆಟ್ಟಿಂಗ್ ಆನ್ ಮಾಡಿದರೆ ಆಟವೂ ನಡೆಯುತ್ತದೆ, ಲ್ಯಾಪ್‌ಟಾಪ್ ಕೂಡ ಬೇರೆಯಾಗಿರುತ್ತದೆ. ಕೆಲವು ರೂಟರ್‌ಗಳು ಗೆಸ್ಟ್ ಕಡೆಗೆ ಪೋರ್ಟ್ ಕಳಿಸಲು ಬಿಡುವುದಿಲ್ಲ. ಆಗ ಆಫೀಸ್ ಲ್ಯಾಪ್‌ಟಾಪನ್ನೇ ಗೆಸ್ಟ್‌ಗೆ ಸರಿಸಿ.

ಸಾಫ್ಟ್‌ವೇರ್ ಬರೆಯುವವರಿಗೂ ಒಂದು ಮಾತು. ಲಿನಕ್ಸ್‌ನಲ್ಲಿ ಯುಎಫ್‌ಡಬ್ಲ್ಯು ಫೈರ್‌ವಾಲ್ ಹಾಕಿ ನಿಶ್ಚಿಂತೆಯಿಂದಿದ್ದರೂ, ಡಾಕರ್‌ನಲ್ಲಿ ಪೋರ್ಟ್ ಪ್ರಕಟಿಸಿದರೆ ಅದು ಯುಎಫ್‌ಡಬ್ಲ್ಯು ನಿಯಮಗಳನ್ನು ಹಾದು ಹೋಗದೆ ತನ್ನದೇ ನಿಯಮ ಸೇರಿಸಿ ನೇರ ಹೊರಗೆ ತೆರೆದುಕೊಳ್ಳುತ್ತದೆ. ಪೋರ್ಟ್ ಸಂಖ್ಯೆಗಿಂತ ಮೊದಲು 127.0.0.1 ಎಂದು ಬರೆದರೆ ಆ ಯಂತ್ರದೊಳಗಷ್ಟೇ ಉಳಿಯುತ್ತದೆ. 2017ರ ಜನವರಿಯಲ್ಲಿ ಪಾಸ್‌ವರ್ಡ್ ಇಲ್ಲದೆ ಇಂಟರ್‌ನೆಟ್‌ಗೆ ತೆರೆದಿದ್ದ ಸಾವಿರಾರು ಮಾಂಗೋಡಿಬಿ ಡೇಟಾಬೇಸ್‌ಗಳನ್ನು ಅಳಿಸಿ ಹಣ ಕೇಳಿದ ಅಲೆ ಎದ್ದಿತ್ತು. ಅವುಗಳಲ್ಲಿ "ಸುಮ್ಮನೆ ಟೆಸ್ಟಿಂಗ್‌ಗೆ" ಎಂದು ಇಟ್ಟವೂ ಇದ್ದವು.

ತೆರೆದಿದೆಯೇ ಎಂದು ನೋಡುವ ಬಗೆ

ವಿಂಡೋಸ್‌ನಲ್ಲಿ ಸ್ಟಾರ್ಟ್ ಒತ್ತಿ ರಿಸೋರ್ಸ್ ಮಾನಿಟರ್ ಎಂದು ಹುಡುಕಿ ತೆರೆಯಿರಿ. ನೆಟ್‌ವರ್ಕ್ ಟ್ಯಾಬ್‌ನಲ್ಲಿ ಕೆಳಗೆ ಲಿಸನಿಂಗ್ ಪೋರ್ಟ್ಸ್ ಎಂಬ ಭಾಗ ಇದೆ. ಯಾವ ಪ್ರೋಗ್ರಾಮ್, ಯಾವ ವಿಳಾಸ, ಯಾವ ಪೋರ್ಟ್, ಫೈರ್‌ವಾಲ್ ಅದಕ್ಕೆ ಅನುಮತಿ ಕೊಟ್ಟಿದೆಯೇ ಎಲ್ಲವೂ ಒಂದೇ ಸಾಲಿನಲ್ಲಿ ಕಾಣುತ್ತದೆ. ವಿಳಾಸದ ಜಾಗದಲ್ಲಿ ಲೂಪ್‌ಬ್ಯಾಕ್ ಎಂದಿದ್ದರೆ ಅದು ಯಂತ್ರದೊಳಗಿನ ಮಾತುಕತೆ, ಚಿಂತೆ ಬೇಡ. ಅನ್‌ಸ್ಪೆಸಿಫೈಡ್ ಎಂದಿದ್ದು, ಕೊನೆಯಲ್ಲಿ ಅಲೋಡ್, ನಾಟ್ ರಿಸ್ಟ್ರಿಕ್ಟೆಡ್ ಎಂದಿರುವ ಸಾಲುಗಳಲ್ಲಿ ನಿಲ್ಲಿ. ಆ ಪ್ರೋಗ್ರಾಮ್ ಏನೆಂದು ನಿಮಗೆ ಗೊತ್ತಿರಬೇಕು. ವಿಂಡೋಸ್‌ನ ಸ್ವಂತ ಪ್ರೋಗ್ರಾಮ್‌ಗಳೂ ಒಂದಷ್ಟು ಇರುತ್ತವೆ, ಗಾಬರಿಯಾಗಬೇಡಿ.

ಮುಂದೆ ವಿಂಡೋಸ್ ಫೈರ್‌ವಾಲ್‌ನ ಅಡ್ವಾನ್ಸ್‌ಡ್ ಸೆಟ್ಟಿಂಗ್ಸ್‌ನಲ್ಲಿ ಇನ್‌ಬೌಂಡ್ ರೂಲ್ಸ್ ನೋಡಿ. ಇಲ್ಲಿ ಎರಡು ಬಗೆಯ ನಿಯಮಗಳಿರುತ್ತವೆ, ವ್ಯತ್ಯಾಸ ದೊಡ್ಡದು. ಪ್ರೋಗ್ರಾಮ್ ಹೆಸರಿಗೆ ಬರೆದ ನಿಯಮ ಆ ಪ್ರೋಗ್ರಾಮ್ ಓಡುವಾಗ ಮಾತ್ರ ಲೆಕ್ಕಕ್ಕೆ ಬರುತ್ತದೆ. ಪೋರ್ಟ್ ಸಂಖ್ಯೆಗೆ ಬರೆದ ನಿಯಮ ಯಾರೇ ಬಂದು ಆ ಪೋರ್ಟ್‌ನಲ್ಲಿ ಕೂತರೂ ಬಿಟ್ಟುಕೊಡುತ್ತದೆ, ಮೂರು ವರ್ಷ ಕಳೆದ ಮೇಲೆ ಬಂದು ಕೂತ ಮಾಲ್‌ವೇರ್‌ಗೂ. ಹೊಸ ಸಾಫ್ಟ್‌ವೇರ್ ಹಾಕಿದಾಗ ಬರುವ ಅನುಮತಿಯ ಕಿಟಕಿಯಲ್ಲಿ ಪಬ್ಲಿಕ್ ನೆಟ್‌ವರ್ಕ್ ಎಂಬಲ್ಲಿ ಗುರುತು ಹಾಕಿ ಅಭ್ಯಾಸದಿಂದ ಒತ್ತಿಬಿಟ್ಟದ್ದೂ ಇಲ್ಲಿ ಸಾಲಾಗಿ ಬಂದು ಕೂತಿರುತ್ತದೆ.

ಆಮೇಲೆ ರೂಟರ್. ಅದರ ಪುಟದಲ್ಲಿ ಪೋರ್ಟ್ ಫಾರ್ವರ್ಡಿಂಗ್ ಅಥವಾ ವರ್ಚುವಲ್ ಸರ್ವರ್ ಎಂಬ ಪಟ್ಟಿ ಇರುತ್ತದೆ. ಗೊತ್ತಿಲ್ಲದ್ದನ್ನು ಅಳಿಸಿ. ಡಿಎಂಜಡ್ ಎಂಬುದು ಆನ್ ಇದ್ದರೆ ತಕ್ಷಣ ಆಫ್ ಮಾಡಿ, ಅದು ಒಂದು ಸಾಧನದ ಅಷ್ಟೂ ಪೋರ್ಟ್‌ಗಳನ್ನು ಹೊರಗಿಡುವ ಸೆಟ್ಟಿಂಗ್. ಡಿವಿಆರ್ ಕನೆಕ್ಟ್ ಆಗದಿದ್ದಾಗ ಅವಸರದಲ್ಲಿ ಇದನ್ನು ಹಾಕಿ ಹೋಗುವವರಿದ್ದಾರೆ. ಯುಪಿಎನ್‌ಪಿ ಎಂಬುದನ್ನೂ ಆಫ್ ಮಾಡಿ. ಅದು ಆನ್ ಇದ್ದರೆ ಒಳಗಿನ ಯಾವುದೇ ಸಾಧನ ನಿಮ್ಮನ್ನು ಕೇಳದೆ ತಾನೇ ಪೋರ್ಟ್ ತೆರೆಸಿಕೊಳ್ಳಬಹುದು. ಆಫ್ ಮಾಡಿದ ಮೇಲೆ ಆನ್‌ಲೈನ್ ಆಟವೇನಾದರೂ ಕುಂಟಿದರೆ ಆ ಒಂದಕ್ಕೆ ಮಾತ್ರ ಕೈಯಾರೆ ನಿಯಮ ಬರೆಯಬಹುದು.

ರೂಟರ್ ಪುಟದಲ್ಲೇ ವ್ಯಾನ್ ಐಪಿ ಎಂಬ ವಿಳಾಸ ನೋಡಿ. ಅದು 100.64ರಿಂದ 100.127ರೊಳಗೆ ಶುರುವಾದರೆ ನಿಮ್ಮ ಇಂಟರ್‌ನೆಟ್ ಕಂಪನಿ ಒಂದೇ ಹೊರವಿಳಾಸವನ್ನು ಅನೇಕ ಗ್ರಾಹಕರಿಗೆ ಹಂಚಿದೆ ಎಂದರ್ಥ. ಮನೆಯ ಬ್ರಾಡ್‌ಬ್ಯಾಂಡ್‌ನಲ್ಲಿ ಇದು ಈಗ ಸಾಮಾನ್ಯ. ಆಗ ಹೊರಗಿನಿಂದ ಆ ದಾರಿಯಲ್ಲಿ ಯಾರೂ ನೇರ ಬರಲಾರರು, ಪೋರ್ಟ್ ಫಾರ್ವರ್ಡ್ ಮಾಡಿದರೂ ಕೆಲಸ ಮಾಡುವುದಿಲ್ಲ. ಅದಕ್ಕೇ "ಸ್ಟ್ಯಾಟಿಕ್ ಐಪಿ ತಗೊಳ್ಳಿ" ಎಂಬ ಸಲಹೆ ಬರುವುದು. ಸ್ಟ್ಯಾಟಿಕ್ ಐಪಿ, ಅಂದರೆ ನಿಮಗೊಬ್ಬರಿಗೇ ಸೇರಿದ ಹೊರವಿಳಾಸ, ಕೊಂಡ ದಿನ ಆ ರಕ್ಷಣೆ ಹೋಯಿತೆಂದು ತಿಳಿದುಕೊಂಡೇ ಕೊಳ್ಳಬೇಕು. ಹೊಸ ಮಾದರಿಯ ಐಪಿವಿ6ನಲ್ಲಿ ಮನೆಯ ಪ್ರತಿ ಸಾಧನಕ್ಕೂ ಜಗತ್ತಿಗೇ ಕಾಣಬಲ್ಲ ವಿಳಾಸ ಸಿಗುತ್ತದೆ, ಅಲ್ಲಿ ಕಾಯುವುದು ಫೈರ್‌ವಾಲ್ ಮಾತ್ರ. ರೂಟರ್‌ನಲ್ಲಿ ಐಪಿವಿ6 ಫೈರ್‌ವಾಲ್ ಆನ್ ಇದೆಯೇ ಎಂದು ಪ್ರತ್ಯೇಕವಾಗಿ ನೋಡಿ.

ಹೊರಗಿನಿಂದ ಪರೀಕ್ಷಿಸಲು ಸ್ಟೀವ್ ಗಿಬ್ಸನ್ ಎಂಬುವರ ಶೀಲ್ಡ್ಸ್‌ಅಪ್ ಎಂಬ ಉಚಿತ ತಾಣ ಬಹಳ ವರ್ಷಗಳಿಂದ ಇದೆ. ಅದು ನಿಮ್ಮ ವಿಳಾಸದ ಮೊದಲ ಸಾವಿರದಷ್ಟು ಪೋರ್ಟ್‌ಗಳನ್ನು ತಟ್ಟಿ ಬಣ್ಣದಲ್ಲಿ ತೋರಿಸುತ್ತದೆ. 3389ರಂಥ ದೊಡ್ಡ ಸಂಖ್ಯೆಗಳನ್ನು ಅಲ್ಲಿ ಬೇರೆಯಾಗಿ ಬರೆದು ನೋಡಬೇಕು.

ತೆರೆಯದೆ ಕೆಲಸ ನಡೆಸುವುದು

ಹೊರಗಿನವರು ಒಳಗೆ ಬರುವ ಬದಲು ಒಳಗಿನ ಯಂತ್ರವೇ ಹೊರಗೆ ಹೋಗಿ ಸಂಪರ್ಕ ಕಟ್ಟಿಕೊಂಡರೆ ಪೋರ್ಟ್ ತೆರೆಯುವ ಅಗತ್ಯವೇ ಬರುವುದಿಲ್ಲ. ಟೇಲ್‌ಸ್ಕೇಲ್‌ನಂಥ ಸಾಫ್ಟ್‌ವೇರ್ ಮಾಡುವುದು ಇದನ್ನೇ. ಕಾರ್ಖಾನೆಯ ಕಂಪ್ಯೂಟರ್, ಮಾಲೀಕರ ಲ್ಯಾಪ್‌ಟಾಪ್, ಲೆಕ್ಕ ಬರೆಯುವವರ ಕಂಪ್ಯೂಟರ್ ಮೂರರಲ್ಲೂ ಹಾಕಿ ಒಂದೇ ಖಾತೆಗೆ ಸೇರಿಸಿದರೆ ಮೂರೂ ತಮ್ಮೊಳಗಿನ ಖಾಸಗಿ ವಿಳಾಸಗಳಲ್ಲಿ ಒಂದನ್ನೊಂದು ಕಾಣುತ್ತವೆ. ಆಗ ಅದೇ ರಿಮೋಟ್ ಡೆಸ್ಕ್‌ಟಾಪನ್ನು ಆ ಖಾಸಗಿ ವಿಳಾಸದಿಂದಲೇ ಬಳಸಬಹುದು, ಹೊರಗಿನ ಜಗತ್ತಿಗೆ 3389 ಮುಚ್ಚಿಯೇ ಇರುತ್ತದೆ. ಆ ಖಾತೆಗೆ ಎರಡು ಹಂತದ ಲಾಗಿನ್ ಹಾಕಲೇಬೇಕು. ಹಂಚಿಕೊಂಡ ವಿಳಾಸ ಇದ್ದರೂ ಇದು ನಡೆಯುತ್ತದೆ, ಸ್ಟ್ಯಾಟಿಕ್ ಐಪಿಯ ಖರ್ಚೂ ಉಳಿಯುತ್ತದೆ. ಸ್ವತಃ ನಡೆಸಬಲ್ಲವರಿಗೆ ವೈರ್‌ಗಾರ್ಡ್ ಇದೆ. ಅದಕ್ಕೊಂದು ಪೋರ್ಟ್ ತೆರೆಯಬೇಕಾಗುತ್ತದಾದರೂ, ಸರಿಯಾದ ಕೀಲಿ ಇಲ್ಲದವರಿಗೆ ಅದು ಉತ್ತರವನ್ನೇ ಕೊಡುವುದಿಲ್ಲ. ಹಾಗಾಗಿ ತಡಕಿ ನೋಡುವವರಿಗೆ ಅಲ್ಲಿ ಏನಾದರೂ ಇದೆಯೆಂದೇ ತಿಳಿಯುವುದಿಲ್ಲ.

ಪೋರ್ಟ್ ತೆರೆಯದೇ ವಿಧಿಯಿಲ್ಲ ಎಂಬ ಸಂದರ್ಭದಲ್ಲಿ ವಿಂಡೋಸ್ ಫೈರ್‌ವಾಲ್‌ನ ಆ ಇನ್‌ಬೌಂಡ್ ನಿಯಮದ ಪ್ರಾಪರ್ಟೀಸ್‌ನಲ್ಲಿರುವ ಸ್ಕೋಪ್ ಟ್ಯಾಬ್‌ಗೆ ಹೋಗಿ, ರಿಮೋಟ್ ಐಪಿ ಅಡ್ರೆಸ್ ಜಾಗದಲ್ಲಿ ಬರುವವರ ವಿಳಾಸವನ್ನು ಮಾತ್ರ ಬರೆಯಿರಿ. ಬಹಳ ಜನ ನೋಡದೇ ಇರುವ ಟ್ಯಾಬ್ ಇದು, ನನ್ನ ಪ್ರಕಾರ ಇಡೀ ಫೈರ್‌ವಾಲ್‌ನಲ್ಲಿ ಅತ್ಯಂತ ಉಪಯುಕ್ತವಾದದ್ದೂ ಇದೇ. ಲಾಗಿನ್‌ಗೆ ಅಡ್ಮಿನಿಸ್ಟ್ರೇಟರ್ ಅಲ್ಲದ ಬೇರೆ ಹೆಸರು, ಉದ್ದನೆಯ ಪಾಸ್‌ವರ್ಡ್, ಹತ್ತು ತಪ್ಪು ಯತ್ನಗಳ ನಂತರ ಖಾತೆಗೆ ಬೀಗ ಬೀಳುವ ವ್ಯವಸ್ಥೆ ಇರಲಿ. ಈ ಬೀಗ ವಿಂಡೋಸ್ 11ರ ಹೊಸ ಆವೃತ್ತಿಗಳಲ್ಲಿ ತಾನಾಗಿಯೇ ಬರುತ್ತದೆ, ಹಳೆಯವುಗಳಲ್ಲಿ ಕೈಯಾರೆ ಹಾಕಬೇಕು. ಮುಚ್ಚುವ ದಿನವನ್ನು ಆ ನಿಯಮದ ಹೆಸರಿನಲ್ಲೇ ಬರೆದುಬಿಡಿ. ಬ್ಯಾಕಪ್ ತೆಗೆದ ಹಾರ್ಡ್ ಡಿಸ್ಕನ್ನು ಕಳಚಿ ಬೀರುವಿನಲ್ಲಿಡಿ.

ಆಗಲೇ ದಾಳಿಗೆ ಸಿಕ್ಕಿಬಿದ್ದಿದ್ದರೆ ಮೊದಲು ನೆಟ್‌ವರ್ಕ್ ಕೇಬಲ್ ಕೀಳಿ, ವೈಫೈ ಆಫ್ ಮಾಡಿ. ಫಾರ್ಮ್ಯಾಟ್ ಮಾಡಲು ಅವಸರ ಬೇಡ, ಲಾಗ್‌ಗಳು ಮತ್ತು ಹಣ ಕೇಳಿದ ಚೀಟಿಯ ಫೋಟೋ ಬೇಕಾಗುತ್ತವೆ. ಹಣ ಹೋಗಿದ್ದರೆ ಕೂಡಲೇ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಸೈಬರ್ ಅಪರಾಧ ನೋಡಿಕೊಳ್ಳುವ ನಿಮ್ಮ ವಿಭಾಗದ ಸೆನ್ ಪೊಲೀಸ್ ಠಾಣೆಗೆ ದೂರು ಕೊಡಿ. ನಿಮ್ಮ ಯಂತ್ರವನ್ನು ಬಳಸಿ ಬೇರೆಯವರ ಮೇಲೆ ದಾಳಿ ನಡೆದಿದ್ದರೆ ದಾಖಲೆಯಲ್ಲಿ ಸಿಗುವುದು ನಿಮ್ಮ ಸಂಪರ್ಕದ ವಿಳಾಸ. ಮೊದಲೇ ಕೊಟ್ಟ ದೂರು ಆಗ ನಿಮ್ಮ ನೆರವಿಗೆ ಬರುತ್ತದೆ. ಕಂಪನಿ ಅಥವಾ ಕಾರ್ಖಾನೆಯ ಯಂತ್ರವಾದರೆ ಇನ್ನೊಂದು ಹೊಣೆಯಿದೆ: 2022ರ ಏಪ್ರಿಲ್ 28ರ ನಿರ್ದೇಶನದಂತೆ, ಇಂಥ ಘಟನೆ ಗಮನಕ್ಕೆ ಬಂದ ಆರು ಗಂಟೆಯೊಳಗೆ ಕೇಂದ್ರದ ಸರ್ಟ್-ಇನ್ ಸಂಸ್ಥೆಗೆ ತಿಳಿಸಬೇಕು. ಅದರ ಉಚಿತ ದೂರವಾಣಿ 1800-11-4949. ಗಮನಕ್ಕೆ ಬಂದ ಹೊತ್ತನ್ನು ಒಂದು ಕಾಗದದಲ್ಲಿ ಬರೆದಿಟ್ಟುಕೊಂಡೇ ಕರೆ ಮಾಡಿ, ಅವರು ಅದನ್ನು ಕೇಳುತ್ತಾರೆ.